ಬೊನಾಂಜಾ ಹಳ್ಳದಿಂದ ಅಪ್ಪನಿಗೆ

ಡಾಸನ್ ಸಿಟಿ, ಯೂಕಾನ್, ಕೆನಡಾ
ಸೆಪ್ಟೆಂಬರ್ 12

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ. ಅವ್ವ, ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಹೋದ ವಾರ ಫೋನಿನಲ್ಲಿ ನೀವು ಕೇಳಿದಿರಿ: "ಕೋಲಾರದಾಗ ಮೂರು ಕಿಲೋಮೀಟರ್ ಕೆಳಗ ಇಳಿದ್ರು. ನಿಮ್ಮಲ್ಲಿ ಹಳ್ಳದಾಗ ಬಂಗಾರ ಹೆಂಗ ಬಂತು? ನೂರು ವರ್ಷ ತೆಗೆದ್ರೂ ಯಾಕ ಮುಗಿದಿಲ್ಲ?" ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರದ ಬಂಗಾರ ಹುಟ್ಟಿದ ಬಂಡೆಯೊಳಗೇ ಉಳಿದದ್ದು. ಇಲ್ಲಿಯದು ಬಂಡೆ ಬಿಟ್ಟು ಹಳ್ಳಕ್ಕೆ ಇಳಿದದ್ದು. ನಮ್ಮ ಕಪ್ಪತಗುಡ್ಡದ ಡೋಣಿ, ಸೊರಟೂರು ಹಳ್ಳಗಳಲ್ಲಿ ಮಳೆಯ ನಂತರ ಜಲಗಾರರು ಉಸುಕು ತೊಳೆದು ತೆಗೆಯುತ್ತಿದ್ದರಲ್ಲ, ಅದೇ ಜಾತಿ. ಇಲ್ಲಿನ ಗುಡ್ಡಗಳೆಲ್ಲ ಶಿಸ್ಟ್, ಅಂದರೆ ಪುಸ್ತಕದ ಹಾಳೆಯಂತೆ ಪದರ ಪದರವಾಗಿ ಬಿಚ್ಚುವ ಕಲ್ಲು. ಅದರ ನಡುವೆ ಅಲ್ಲಲ್ಲಿ ಬೆಣಚುಕಲ್ಲಿನ ಎಳೆಗಳಿವೆ, ಬಂಗಾರ ಇದ್ದದ್ದು ಆ ಎಳೆಗಳಲ್ಲಿ. ಗುಡ್ಡ ಸವೆದಂತೆ ಎಳೆಯೂ ಒಡೆದು ಹಳ್ಳಕ್ಕೆ ಬಿತ್ತು. ನೀರಿನ ಸಾಂದ್ರತೆ 1 ಅಂದರೆ ಶುದ್ಧ ಬಂಗಾರದ್ದು 19.3, ಬೆಣಚುಕಲ್ಲಿನದು 2.65. ನೀರೊಳಗೆ ಈ ಅಂತರ ಇನ್ನೂ ಹಿಗ್ಗಿ, ಒಂದೇ ಗಾತ್ರದ ಚೂರುಗಳಲ್ಲಿ ಬಂಗಾರದ್ದು ಹನ್ನೊಂದು ಪಟ್ಟು ಭಾರವಾಗುತ್ತದೆ. ಹೀಗಾಗಿ ಪ್ರವಾಹ ಕಲ್ಲು, ಉಸುಕನ್ನು ಎಳೆದುಕೊಂಡು ಹೋದರೂ ಬಂಗಾರ ಗರಸಿನ ಸಂದಿಯಲ್ಲಿ ಇಳಿಯುತ್ತ ಇಳಿಯುತ್ತ ತಳಬಂಡೆಗೆ ಹೋಗಿ ಕೂರುತ್ತದೆ. ಹಳ್ಳದ ಗಣಿಗಾರಿಕೆಯಲ್ಲಿ ಏನೇ ಮಾಡಿದರೂ ಅದು ಆ ತಳ ಮುಟ್ಟುವುದಕ್ಕಾಗಿಯೇ.

ಈ ಹಳ್ಳಕ್ಕೇ ಯಾಕೆ ಇಷ್ಟು ಬಂತು ಅಂದರೆ, ಇಲ್ಲಿ ಬಂಗಾರವನ್ನು ನೀರು ಎರಡು ಸಲ ಸೋಸಿದೆ. ಸುಮಾರು 50ರಿಂದ 25 ಲಕ್ಷ ವರ್ಷಗಳ ಹಿಂದಿನ ಅಗಲವಾದ ಕಣಿವೆಗಳಲ್ಲಿ ಬಿಳಿ ಬೆಣಚು ಗರಸು ದಪ್ಪನಾಗಿ ತುಂಬಿತ್ತು. ಇದನ್ನು ವೈಟ್ ಚಾನೆಲ್ ಅನ್ನುತ್ತಾರೆ. ಆಮೇಲೆ ಹಳ್ಳಗಳು ಆ ಗರಸನ್ನೇ ಕೊರೆದು ಕೆಳಗಿಳಿದವು, ಅದರೊಳಗಿನ ಬಂಗಾರವನ್ನು ಮತ್ತೊಮ್ಮೆ ತೊಳೆದು ಈಗಿನ ತಳಕ್ಕೆ ಕೂಡಿಹಾಕಿದವು. ಉಳಿದ ಹಳೇ ಗರಸು ಈಗಲೂ ಹಳ್ಳಕ್ಕಿಂತ ಹತ್ತಾರು ಮೀಟರ್ ಮೇಲೆ, ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲಿನಂತೆ ನಿಂತಿದೆ. ಕೆನಡಾದ ಬಹುಭಾಗದಲ್ಲಿ ಹಿಮಯುಗದ ಮಂಜುಗಡ್ಡೆ ಇಂಥ ತಳಗಳನ್ನೆಲ್ಲ ಕೆರೆದು ಚೆಲ್ಲಾಪಿಲ್ಲಿ ಮಾಡಿತು. ಇಲ್ಲಿಗೆ ಅದು ಬರಲೇ ಇಲ್ಲ. ಸಹ್ಯಾದ್ರಿ ಮೋಡ ತಡೆದು ನಮ್ಮ ಗದಗ ಸೀಮೆಯನ್ನು ಒಣಗಿಸುವ ಹಾಗೆ, ಸೇಂಟ್ ಇಲಾಯಸ್ ಪರ್ವತಗಳು ಸಮುದ್ರದ ತೇವವನ್ನು ತಡೆದವು. ಹಿಮನದಿ ಬೆಳೆಯುವಷ್ಟು ಹಿಮವೇ ಇಲ್ಲಿ ಬೀಳಲಿಲ್ಲ.

1896ರ ಆಗಸ್ಟ್ 16ರಂದು ರ‍್ಯಾಬಿಟ್ ಕ್ರೀಕ್ ಅನ್ನುತ್ತಿದ್ದ ಈ ಬೊನಾಂಜಾ ಹಳ್ಳದಲ್ಲಿ ಬಂಗಾರ ಕಂಡಿತು. ಆ ತಂಡದವರು ಜಾರ್ಜ್ ಕಾರ್ಮ್ಯಾಕ್, ಆತನ ಹೆಂಡತಿ, ಇಲ್ಲಿನ ಟಾಗಿಶ್ ಮೂಲನಿವಾಸಿ ಜನದ ಶಾವ್ ಟ್ಲಾ, ಆಕೆಯ ಅಣ್ಣ ಕೇಶ್, ಸೋದರಳಿಯ ಕಾ ಗೂಕ್ಸ್. ಯಾರ ಕಣ್ಣಿಗೆ ಮೊದಲು ಬಿತ್ತು ಎಂಬುದಕ್ಕೆ ಎರಡು ಮಾತಿವೆ. ಕೇಶ್ ಕಂಡದ್ದೆಂದು ಅವನ ಜನ ಹೇಳುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಹಳ್ಳದುದ್ದಕ್ಕೆ 500 ಅಡಿಗೆ ಒಂದು ಕ್ಲೇಮ್, ಅಂದರೆ ಒಬ್ಬನಿಗೆ ಅಗೆಯುವ ಹಕ್ಕಿದ್ದ ತುಂಡು. ಸರ್ವೆಯವರು ಅಳೆದಾಗ ಎರಡು ಕ್ಲೇಮುಗಳ ನಡುವೆ ಉಳಿದ 86 ಅಡಿಯ ತುಂಡು ಡಿಕ್ ಲೋ ಎಂಬವನಿಗೆ ಸಿಕ್ಕಿತು. ಇಡೀ ಹಳ್ಳದಲ್ಲಿ ಅತಿ ಹೆಚ್ಚು ಫಲ ಕೊಟ್ಟ ನೆಲಗಳಲ್ಲಿ ಅದೂ ಒಂದು.

ಇಲ್ಲಿ ನೆಲ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ. ಮೇಲೆ ಹಲವು ಅಡಿ ಕಪ್ಪು ರಾಡಿ, ಸಾವಿರಾರು ವರ್ಷದ ಮಣ್ಣು, ಹುಲ್ಲು, ಮ್ಯಾಮತ್ ಆನೆಯ ಎಲುಬು ಎಲ್ಲ ಸೇರಿ ಮಂಜಾದದ್ದು. ಬಿಸಿಲಿಗೆ ಕರಗಿದರೆ ಹಳೇ ತಿಪ್ಪೆ ಕೆದರಿದಂಥ ನಾತ. ಅದರ ಕೆಳಗೆ ಗರಸು, ಆಮೇಲೆ ತಳಬಂಡೆ. ಗುದ್ದಲಿ, ಪಿಕಾಸಿ ಇದಕ್ಕೆ ನಾಟುವುದಿಲ್ಲ. ಹಾಗಾಗಿ ಮೊದಲಿನವರು ಚಳಿಗಾಲದಲ್ಲಿ ಬಾವಿಯಂತೆ ಗುಂಡಿ ತೋಡುತ್ತಿದ್ದರು: ಸಂಜೆ ತಳದಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು, ಬೆಳಿಗ್ಗೆ ಕರಗಿದ ಒಂದು ಅಡಿಯಷ್ಟನ್ನು ಬಕೀಟಿನಲ್ಲಿ ಎತ್ತುವುದು, ಮತ್ತೆ ಬೆಂಕಿ. ಬಂಡೆ ಮುಟ್ಟಿದ ಮೇಲೆ ಅಡ್ಡಲಾಗಿ ಸುರಂಗ. ಹೆಪ್ಪುಗಟ್ಟಿದ ಗೋಡೆಗೆ ಊರುಗಂಬ ಬೇಕಿರಲಿಲ್ಲ. ಬೇಸಿಗೆಯಲ್ಲಾದರೆ ನೀರು ಒಸರಿ ಗುಂಡಿ ತುಂಬುತ್ತಿತ್ತು. ಹೊಗೆ ಪೂರ್ತಿ ಹೋಗುವ ಮುಂಚೆ ಇಳಿದವರು ಉಸಿರುಗಟ್ಟಿ ಬೀಳುತ್ತಿದ್ದರು. ಎತ್ತಿದ ಗರಸು ಮೇಲೆ ಮತ್ತೆ ಗಟ್ಟಿಯಾಗುತ್ತಿತ್ತು, ವಸಂತದಲ್ಲಿ ನೀರು ಹರಿಯುವ ತನಕ ತೊಳೆಯಲು ಬರುತ್ತಿರಲಿಲ್ಲ. ಆಮೇಲೆ ಹಬೆಯ ಕೊಳವೆ ಬಂದವು, ಅದಾದ ಮೇಲೆ ಕೊಳವೆ ಇಳಿಸಿ ತಣ್ಣೀರು ಹಾಯಿಸಿದರೂ ಸಾಕೆಂದು ಗೊತ್ತಾಯಿತು. ಕಟ್ಟಿಗೆ ಖರ್ಚು ಉಳಿಯಿತು.

ಹಾಗೆ ಕರಗಿಸಿದ ನೆಲದಲ್ಲೇ ಡ್ರೆಜ್, ಅಂದರೆ ತೇಲುತ್ತ ಅಗೆಯುವ ದೊಡ್ಡ ಯಂತ್ರಗಳು ಓಡಿದವು. 1912ರಲ್ಲಿ ಕಟ್ಟಿದ 4ನೇ ನಂಬರಿನದು ಎಂಟು ಅಂತಸ್ತಿನ ಎತ್ತರ, ಒಂದೊಂದು ಬಕೀಟಿಗೆ 16 ಘನ ಅಡಿ. ತಾನೇ ತೋಡಿದ ಹೊಂಡದಲ್ಲಿ ತೇಲುತ್ತ ಮುಂದೆ ಅಗೆದು, ಒಳಗೆ ತೊಳೆದು, ಹಿಂದೆ ಕಲ್ಲು ಒಟ್ಟುತ್ತ ಹೋಗುತ್ತಿತ್ತು. 1959ರವರೆಗೆ ನಡೆಯಿತು, ಈಗ ಅದೇ ಹಳ್ಳದಲ್ಲಿ ಸ್ಮಾರಕವಾಗಿ ನಿಂತಿದೆ. ಯಾಕೆ ಮುಗಿದಿಲ್ಲ ಅಂದಿರಲ್ಲ, ಉತ್ತರ ಇಲ್ಲಿದೆ. ಬಂಗಾರ ತಳಬಂಡೆಯ ಮೇಲೆ ಮಾತ್ರ ಇರುವುದಿಲ್ಲ, ಶಿಸ್ಟಿನ ಪದರದ ಬಿರುಕಿಗೂ ಇಳಿದಿರುತ್ತದೆ. ಬಕೀಟು ಬಂಡೆಯ ಮೈ ಕೆರೆಯಿತೇ ಹೊರತು ಎಲ್ಲ ಬಿರುಕಿನ ಒಳಗೆ ಹೋಗಲಿಲ್ಲ. ಕಣಿವೆಯ ಅಂಚುಗಳೂ ಅದಕ್ಕೆ ಎಟುಕಲಿಲ್ಲ. ಈಗಿನವರು ಬುಲ್ಡೋಜರಿನಿಂದ ತಳಬಂಡೆಯ ಮೇಲ್ಪದರವನ್ನೂ ಕಿತ್ತು ಗರಸಿನ ಜೊತೆಗೇ ತೊಳೆಯುತ್ತಾರೆ.

ತೊಳೆಯುವುದು ಸ್ಲೂಸ್ ಬಾಕ್ಸಿನಲ್ಲಿ. ಅಡ್ಡಪಟ್ಟಿ ಜೋಡಿಸಿ, ಕೆಳಗೆ ಒರಟು ಚಾಪೆ ಹಾಸಿದ ಉದ್ದನೆಯ ದೋಣಿ ಅನ್ನಿ. ಅಡಿಗೆ ಒಂದರಿಂದ ಎರಡು ಇಂಚು ಇಳಿಜಾರು. ಪಟ್ಟಿಯ ಹಿಂದೆ ನೀರು ಸುರುಳಿ ಸುತ್ತಬೇಕು, ಬಂಗಾರ ನಿಲ್ಲುವುದು ಆ ಸುರುಳಿಯಲ್ಲೇ. ಇಳಿಜಾರು ಕಡಿಮೆಯಾದರೆ ಕರಿ ಉಸುಕು ಪಟ್ಟಿಯ ನಡುವೆ ಗಾರೆಯಂತೆ ಕಚ್ಚಿಕೊಳ್ಳುತ್ತದೆ, ಬಂಗಾರ ಅದರ ಮೇಲೆ ಜಾರಿ ಹೋಗುತ್ತದೆ. ಹೆಚ್ಚಾದರೆ ಸಣ್ಣ ಪುಡಿ ನೀರಿನ ಪಾಲು. ದೊಡ್ಡ ಕಲ್ಲನ್ನು ಮೊದಲೇ ಜರಡಿ ಹಿಡಿಯದಿದ್ದರೆ, ಅದನ್ನು ತಳ್ಳಲು ಬೇಕಾದಷ್ಟು ನೀರು ಬಿಡಬೇಕಾಗುತ್ತದೆ; ಆ ನೀರೇ ಸಣ್ಣದನ್ನೂ ಒಯ್ಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಜೇಡಿಮಣ್ಣು. ಪೂರ್ತಿ ಕರಗದ ಜೇಡಿ ಉಂಡೆ ದೋಣಿಯುದ್ದಕ್ಕೂ ಉರುಳುತ್ತ, ನಿಂತಿದ್ದ ಬಂಗಾರವನ್ನು ಮೈಗೆ ಮೆತ್ತಿಕೊಂಡು ಹೊರಗೆ ಬೀಳುತ್ತದೆ.

ಅವ್ವಗೆ ಹೇಳಿ, ಇಲ್ಲಿಯ ಬಂಗಾರದ ಶುದ್ಧತೆ ಸಾವಿರಕ್ಕೆ 800ರ ಆಸುಪಾಸು, ಉಳಿದದ್ದು ಬಹುಪಾಲು ಬೆಳ್ಳಿ. ಅಕ್ಕಸಾಲಿಗರ ಲೆಕ್ಕದಲ್ಲಿ 19 ಕ್ಯಾರೆಟ್. ಬಣ್ಣ ಸ್ವಲ್ಪ ತೆಳು.

ಅಣ್ಣನ ಮಗ ಡೋಣಿ ಹಳ್ಳದಲ್ಲಿ ತೊಳೆದು ನೋಡುತ್ತೇನೆ ಅಂದನಂತೆ. ಕಪ್ಪತಗುಡ್ಡ ಈಗ ವನ್ಯಜೀವಿ ಧಾಮ, ಅಲ್ಲಿ ಅಗೆಯುವುದು ಬೇಡ. ಮನೆಯಲ್ಲೇ ಕಲಿಯಲಿ. ಸೀಸದ ಹತ್ತು ಸಣ್ಣ ಚೂರು ಬಡಿದು ಚಪ್ಪಟೆ ಮಾಡಿ, ಎಣಿಸಿ, ಪರಾತದಲ್ಲಿ ಮುಕ್ಕಾಲು ತುಂಬಿದ ಉಸುಕಿನೊಳಗೆ ಕಲಸಲಿ. ದೊಡ್ಡ ತೊಟ್ಟಿಯ ನೀರಿನಲ್ಲಿ ಪರಾತ ಪೂರ್ತಿ ಮುಳುಗಿಸಿ, ಜೇಡಿ ಹಿಸುಕಿ, ಮಟ್ಟವಾಗಿ ಹಿಡಿದು ಎಡಬಲಕ್ಕೆ ಜೋರಾಗಿ ಅಲುಗಿಸಬೇಕು. ಭಾರದ್ದು ತಳ ಸೇರುವುದು ಆಗ. ಆಮೇಲಷ್ಟೇ ಮುಂದಕ್ಕೆ ಬಾಗಿಸಿ ಮೇಲಿನ ಪದರ ನೀರಿಗೆ ಬಿಡಬೇಕು, ನಾಲ್ಕು ಸಲ ಬಿಟ್ಟರೆ ಮತ್ತೆ ಒಮ್ಮೆ ಅಲುಗಿಸಬೇಕು. ಅಲುಗಿಸದೆ ಬರೀ ಚೆಲ್ಲಿದರೆ ಸೀಸವೂ ಹೋಗುತ್ತದೆ. ಚಪ್ಪಟೆ ಚೂರು ನೀರ ಮೇಲೆ ತೇಲಿದರೆ ಒಂದು ಹನಿ ಸೋಪು ಸಾಕು, ಮುಳುಗುತ್ತದೆ. ಸೀಸದ ಸಾಂದ್ರತೆ 11.3, ಬಂಗಾರಕ್ಕಿಂತ ಹಗುರ. ಹತ್ತಕ್ಕೆ ಹತ್ತೂ ಉಳಿಸಿಕೊಂಡರೆ ಅಷ್ಟೇ ಗಾತ್ರದ ಬಂಗಾರ ಅವನ ಕೈ ತಪ್ಪುವುದಿಲ್ಲ. ಸೀಸ ಮುಟ್ಟಿದ ಕೈ ಸೋಪು ಹಚ್ಚಿ ತೊಳೆಯಲಿ, ಆ ಪರಾತ ಮತ್ತೆ ಅಡುಗೆಮನೆಗೆ ಹೋಗಬಾರದು. ಎಷ್ಟು ಉಳಿಯಿತೆಂದು ಬರೆಯಲು ಹೇಳಿ.

ಇಂತಿ ನಿಮ್ಮ ಮಗಳು