ಭಾನುವಾರ ಸಂಜೆ 6ಕ್ಕೆ: ಕೈಮರ ಸಿಗ್ನಲ್ ಬದಲಾದ ಕಥೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಗೂಗಲ್ ಮೀಟ್‌ನಲ್ಲಿ ಸೇರೋಣ. ರೈಲು ಹಳಿ ಪಕ್ಕದ ಹಳೇ ಕೈಮರ ಸಿಗ್ನಲ್ (ಕಂಬದ ಮೇಲಿನ ಕೈಯಿಂದ, ರಾತ್ರಿ ದೀಪದ ಬಣ್ಣದಿಂದ ಚಾಲಕನಿಗೆ ‘ನಿಲ್ಲು’, ‘ಹೋಗಬಹುದು’ ಅಂತ ತೋರಿಸುವಂಥದ್ದು) ಹೇಗೆ ಬದಲಾಗುತ್ತಾ ಬಂತು ಅನ್ನೋದೇ ವಿಷಯ. ಹೊಸದಾಗಿ ಗುಂಪಿಗೆ ಸೇರಿದವರೂ ಬನ್ನಿ.

ಅದಕ್ಕೆ ಮುಂಚೆ ಇಷ್ಟು ಗೊತ್ತಿರಲಿ. ಇಂಗ್ಲೆಂಡಿನಲ್ಲಿ ಮೊದಲು ಬಿಳಿ ದೀಪ ಅಂದರೆ ‘ಹೋಗಬಹುದು’, ಹಸಿರು ಅಂದರೆ ‘ಎಚ್ಚರಿಕೆ’. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬಿಳಿಯಾಗಿ ಕಾಣುತ್ತಿತ್ತು, ನಿಲ್ಲಬೇಕಾದ ಕಡೆ ಚಾಲಕ ಮುಂದೆ ಹೋಗಿಬಿಡುವ ಅಪಾಯ ಅಲ್ವಾ, ಹಾಗಾಗಿ ಬಿಳಿಯ ಜಾಗಕ್ಕೆ ಹಸಿರು ಬಂತು. 1876ರ ಜನವರಿಯಲ್ಲಿ ಇಂಗ್ಲೆಂಡಿನ ಆಬಟ್ಸ್ ರಿಪ್ಟನ್ ಅನ್ನೋ ಊರಿನ ಹತ್ತಿರ ಹಿಮ ಕಟ್ಟಿಕೊಂಡು ಸಿಗ್ನಲ್ಲಿನ ಕೈ ‘ಹೋಗಬಹುದು’ ಅಂತಲೇ ಸಿಕ್ಕಿಕೊಂಡಿತು. ರೈಲುಗಳು ಡಿಕ್ಕಿಯಾಗಿ ಜನ ಸತ್ತರು. ಆಮೇಲೆ ಸಿಗ್ನಲ್ ಸದಾ ‘ನಿಲ್ಲು’ ಅಂತಲೇ ಇರಬೇಕು, ರೈಲು ಬಿಡುವಾಗ ಮಾತ್ರ ಬದಲಿಸಬೇಕು ಅನ್ನುವ ಪದ್ಧತಿ ಗಟ್ಟಿಯಾಯಿತು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ‘ಹೋಗಬಹುದು’ ಅನ್ನೋಕೆ ಮೇಲಕ್ಕೆ ಏಳುವ ಕೈಯಲ್ಲೂ ಇದೇ ಅನುಕೂಲ, ಅದನ್ನು ಎಳೆಯುವ ತಂತಿ ತುಂಡಾದರೆ ಕೈ ತನ್ನ ಭಾರಕ್ಕೇ ‘ನಿಲ್ಲು’ಗೆ ಬೀಳುತ್ತದೆ.

ನಮ್ಮ ಕಡೆಯ ಹಳೇ ಕೈಮರದ ಫೋಟೋ ಇದ್ದವರು ಶುಕ್ರವಾರದೊಳಗೆ ಇಲ್ಲೇ ಹಾಕಿ, ಊರು ಮತ್ತು ವರ್ಷ ಬರೆಯಿರಿ. ಫೋಟೋಗಾಗಿ ದಯವಿಟ್ಟು ಹಳಿಗೆ ಇಳಿಯಬೇಡಿ. ಬರುವವರು ‘ಬರ್ತೀನಿ’ ಅಂತ ಹಾಕಿ, ಲಿಂಕ್ ಕಳಿಸುತ್ತೇನೆ.