ಉದಯಪುರದಲ್ಲಿ ನಮ್ಮಪ್ಪನಿಗೆ ಕೆರೆ ತೋರಿಸದ ಪ್ರವಾಸದ ಬಗ್ಗೆ ದೂರು

ಇಂದ:
ಒಬ್ಬ ಹೈಸ್ಕೂಲ್ ಶಿಕ್ಷಕಿ, ಕೋಲಾರ

ಗೆ:
ವ್ಯವಸ್ಥಾಪಕರು, ಪ್ರವಾಸ ವಿಭಾಗ, ಕೋಲಾರ ಶಾಖೆ

ವಿಷಯ: ಉದಯಪುರದ ಒಂದು ದಿನದ ಪ್ರೈವೇಟ್ ಗೈಡ್ ಟೂರ್‌ನಲ್ಲಿ ಹೇಳಿದ ಸೇವೆ ಕೊಡದೆ ಇದ್ದದ್ದು, ಹಣ ವಾಪಸ್ ಕೊಡಬೇಕಾದದ್ದು.

ಮಾನ್ಯರೇ,

ದಸರಾ ರಜೆಯಲ್ಲಿ ನಿಮ್ಮ ಆಫೀಸಿಗೆ ಬಂದು ಉದಯಪುರದ ಟೂರ್ ಬುಕ್ ಮಾಡಿದ್ದು ನಾನು. ಹೋದವರು ಮೂವರು. ನಾನು, ಒಂಬತ್ತನೇ ಕ್ಲಾಸಿನ ನನ್ನ ಮಗ, ಮತ್ತು ಎಪ್ಪತ್ತೆಂಟು ವರ್ಷದ ನಮ್ಮಪ್ಪ. ಒಂದೇ ದಿನದ ಸುತ್ತಾಟಕ್ಕೆ 14,500 ರೂಪಾಯಿ ಮೊದಲೇ ಪೂರ್ತಿ ಕಟ್ಟಿದ್ದೆ. ರೈಲು, ಹೋಟೆಲ್ಲು ನಮ್ಮ ಖರ್ಚು, ಅದನ್ನು ಇಲ್ಲಿ ಸೇರಿಸುತ್ತಿಲ್ಲ. ಊರಿಗೆ ಬಂದು ಇಪ್ಪತ್ತು ದಿನ ಆಯಿತು. ನಿಮ್ಮ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ಮಾತಿನಲ್ಲಿ ಮುಗಿಯದ್ದರಿಂದ ಬರೆಯುತ್ತಿದ್ದೇನೆ.

ಇಷ್ಟು ದುಡ್ಡು ಕೊಟ್ಟು ಪ್ರೈವೇಟ್ ಟೂರ್ ತೆಗೆದುಕೊಂಡದ್ದು ಯಾಕೆ ಅಂತ ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ನನ್ನ ದೂರು ನಿಮಗೆ ಅರ್ಥ ಆಗುವುದಿಲ್ಲ.

ನಮ್ಮಪ್ಪ ಕೋಲಾರ ತಾಲೂಕಿನ ಒಂದು ಹಳ್ಳಿಯ ನೀರಗಂಟಿ. ಅವರ ಅಪ್ಪನೂ ಅದೇ ಕೆಲಸ ಮಾಡಿದವರು. ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡುವುದು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಏರಿ ಮೇಲೆ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯಾ ಅಂತ ನೋಡುವುದು. ಸುಗ್ಗಿಯಲ್ಲಿ ರೈತರು ಕಣದಲ್ಲಿ ಅಳೆದು ಕೊಡುತ್ತಿದ್ದ ಭತ್ತ, ರಾಗಿಯಿಂದ ನಮ್ಮ ಮನೆ ನಡೆಯಿತು. ನಾನು ಓದಿದ್ದು ಅದರಿಂದಲೇ. ಆಮೇಲೆ ಮಳೆ ಕಮ್ಮಿಯಾಯಿತು, ಬೋರ್‌ವೆಲ್ ಬಂದವು, ಕೆರೆ ಒಣಗಿತು, ಅವರ ಕೆಲಸವೂ ನಿಂತಿತು. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಇದ್ದದ್ದು ಕೆರೆಗಳೇ. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯಿಂದ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರಲು ಶುರುವಾದಾಗ ಅಪ್ಪ ಬಸ್ಸು ಹತ್ತಿ ಹೋಗಿ ನೋಡಿ ಬಂದಿದ್ದರು. ನೀರು ಎಲ್ಲಿಂದಲೇ ಬಂದಿರಲಿ, ತುಂಬಿದ ಕೆರೆ ಕಂಡರೆ ಅವರು ನಿಂತುಬಿಡುತ್ತಾರೆ.

ನಮ್ಮ ಮನೆಯ ಗೋಡೆಯಲ್ಲಿ ಒಂದು ಹಳೇ ಕ್ಯಾಲೆಂಡರ್ ಇತ್ತು. ನೀರಿನ ಮಧ್ಯೆ ಬಿಳಿ ಅರಮನೆ, ಹಿಂದೆ ಗುಡ್ಡ. ಅಪ್ಪ ಅದನ್ನು ನೋಡಿ ಅರಮನೆ ಬಗ್ಗೆ ಒಂದು ದಿನವೂ ಕೇಳಿದವರಲ್ಲ. "ಇಷ್ಟು ನೀರು ನಿಲ್ಲಬೇಕಾದರೆ ಏರಿ ಎಲ್ಲಿ ಹಾಕಿದ್ದಾರೆ? ತೂಬು ಯಾವ ಕಡೆ?" ಅಂತಲೇ ಕೇಳುತ್ತಿದ್ದರು. ನನ್ನ ನಿವೃತ್ತಿ ಹತ್ತಿರ ಬಂದಾಗಲಾದರೂ ಅವರನ್ನು ಕರೆದುಕೊಂಡು ಹೋಗಬೇಕು ಅಂತ ನಾನು ಹಣ ಕೂಡಿಟ್ಟಿದ್ದೆ.

ಇದನ್ನೆಲ್ಲ ನಿಮ್ಮ ಆಫೀಸಿನ ಹುಡುಗನ ಮುಂದೆ ಕೂತು ಹೇಳಿದ್ದೇನೆ. ಅಪ್ಪ ನನ್ನ ಪಕ್ಕದಲ್ಲೇ ಇದ್ದರು. "ಚಿಂತೆ ಮಾಡ್ಬೇಡಿ ತಾತ, ಎರಡು ಕೆರೆನೂ ತೋರಿಸ್ತಾರೆ, ಬೇಕಾದಷ್ಟು ಹೊತ್ತು ನಿಂತ್ಕೊಂಡು ನೋಡಿ" ಅಂದ ಅವನು. ಅಪ್ಪನಿಗೆ ಹಿಂದಿ ಬರುವುದಿಲ್ಲ, ತೆಲುಗು ಚೆನ್ನಾಗಿ ಬರುತ್ತದೆ ಅಂದಾಗ "ತೆಲುಗು ಗೊತ್ತಿರೋ ಗೈಡ್ ಕೊಡ್ತೀವಿ" ಎಂದ. ಎರಡನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿದ್ದೀರಿ. ಬೆಳಿಗ್ಗೆ ಎಂಟೂವರೆಗೆ ನಮಗಾಗಿಯೇ ಒಂದು ಕಾರು, ಪಿಚೋಲ ಕೆರೆ, ದೋಣಿಯಲ್ಲಿ ಜಗ್ ಮಂದಿರ್, ಸಿಟಿ ಪ್ಯಾಲೇಸ್, ಜಗದೀಶ ದೇವಸ್ಥಾನ, ಫತೇ ಸಾಗರ, ಸಂಜೆ ಸಜ್ಜನಗಢ. ಆ ಮೆಸೇಜ್ ಇನ್ನೂ ನನ್ನ ಫೋನಿನಲ್ಲಿದೆ. ಪ್ರಿಂಟ್ ಈ ಪತ್ರದ ಜೊತೆ ಇದೆ.

ಆ ದಿನ ಕಾರು ಬಂದದ್ದು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಒಳಗೆ ಆಗಲೇ ಬೇರೆ ಇಬ್ಬರು ಪ್ರವಾಸಿಗರು ಕೂತಿದ್ದರು. ಮುಂದಿನ ಸೀಟು ಗೈಡ್‌ಗೆ, ಮಧ್ಯದ ಸೀಟು ಅವರಿಗೆ. ಮಂಡಿ ನೋವಿರುವ ನಮ್ಮಪ್ಪ ಬಗ್ಗಿ, ತೆವಳಿ, ಹಿಂದಿನ ಸಣ್ಣ ಸೀಟಿಗೆ ಹೋಗಬೇಕಾಯಿತು. ಇಡೀ ದಿನ ಅಲ್ಲೇ. ಇದು ಪ್ರೈವೇಟ್ ಗಾಡಿ ಅಲ್ವಾ ಅಂತ ಕೇಳಿದೆ. "ನಮಗೆ ಹೇಳಿರೋದು ಹೀಗೇ" ಅಂದರು ಗೈಡ್, ಹಿಂದಿಯಲ್ಲಿ. ಅವರಿಗೆ ತೆಲುಗಿನ ಒಂದು ಮಾತೂ ಬರುತ್ತಿರಲಿಲ್ಲ. ಗುರುತಿನ ಚೀಟಿ ತೋರಿಸಿ ಎಂದರೆ ರೂಮಿನಲ್ಲಿದೆ ಎಂದರು.

ಮೊದಲು ನಿಂತದ್ದು ಅಮೃತಶಿಲೆಯ ಅಂಗಡಿ ಮುಂದೆ. ನಾವು ಇಳಿಯುವುದಿಲ್ಲ ಎಂದೆ. ಬೇರೆಯವರು ಇಳಿದಿದ್ದರು, ಕಾರಿನ ಎ.ಸಿ. ಆಫ್ ಮಾಡಿ ಡ್ರೈವರ್ ಕೂಡ ಹೋದರು. ಮುಕ್ಕಾಲು ಗಂಟೆ. ಮಧ್ಯಾಹ್ನ ಸೀರೆ ಅಂಗಡಿ, ಆಮೇಲೆ ಚಿತ್ರಗಳ ಅಂಗಡಿ. ಮೂರಕ್ಕೂ "ಸರ್ಕಾರಿ ಎಂಪೋರಿಯಂ" ಅಂದರು. ಎಲ್ಲೂ ಸರ್ಕಾರದ ಬೋರ್ಡು ಕಾಣಲಿಲ್ಲ. ಮೂರಕ್ಕೂ ಸೇರಿ ಎರಡೂವರೆ ಗಂಟೆ ಹೋಯಿತು. ನನ್ನ ಮಗ ಪ್ರತಿ ಅಂಗಡಿ ಮುಂದೆ ಫೋಟೋ ತೆಗೆದಿದ್ದಾನೆ, ಸಮಯ ಅದರಲ್ಲೇ ಇದೆ. ನೀವು ಕಳಿಸಿದ ಪಟ್ಟಿಯಲ್ಲಿ ಒಂದು ಅಂಗಡಿಯ ಹೆಸರೂ ಇರಲಿಲ್ಲ.

ಅಂಗಡಿಗೆ ಹೋದ ಸಮಯ ನಮ್ಮ ನೋಡುವ ಸಮಯದಿಂದಲೇ ಕಳೆಯಿತು. ಸಿಟಿ ಪ್ಯಾಲೇಸಿಗೆ ನಲವತ್ತು ನಿಮಿಷ. ಮೋರ್ ಚೌಕದಲ್ಲಿ ಗಾಜಿನ ಚೂರುಗಳಿಂದ ಮಾಡಿದ ನವಿಲುಗಳ ಮುಂದೆ ನನ್ನ ಮಗ ನಿಂತರೆ "ಚಲೋ ಚಲೋ" ಎಂದು ಭುಜ ತಟ್ಟಿದರು. ಜಗದೀಶ ದೇವಸ್ಥಾನಕ್ಕೆ ಕರೆದುಕೊಂಡು ಹೋದದ್ದು ಮಧ್ಯಾಹ್ನ ಒಂದೂವರೆಗೆ. ಮೇವಾಡದ ಮಹಾರಾಣಾ ಒಂದನೇ ಜಗತ್ ಸಿಂಗ್ 1651ರಲ್ಲಿ ಕಟ್ಟಿಸಿದ ಗುಡಿ ಅದು. ಅಪ್ಪ ಕಂಬಿ ಹಿಡಿದು ಮೂವತ್ತೆರಡು ಮೆಟ್ಟಿಲು ಹತ್ತಿದರು. ಗರ್ಭಗುಡಿಯ ಬಾಗಿಲು ಹಾಕಿತ್ತು. ಮಧ್ಯಾಹ್ನ ದೇವರ ದರ್ಶನ ಇರುವುದಿಲ್ಲ ಅಂತ ಆ ಊರಿನ ಗೈಡ್‌ಗೆ ಗೊತ್ತಿರಲಿಲ್ಲವಾ? ಗೊತ್ತಿದ್ದೂ ಒಬ್ಬ ಮುದುಕರನ್ನು ಅಷ್ಟು ಮೆಟ್ಟಿಲು ಹತ್ತಿಸಿದರಾ? ಎರಡರಲ್ಲಿ ಯಾವುದಾದರೂ ನನಗೆ ಸಿಟ್ಟೇ ಬರುತ್ತದೆ.

ದೋಣಿ ವಿಷಯ. ಜಗ್ ಮಂದಿರ್ ದ್ವೀಪದಲ್ಲಿ ಇಳಿಸುವ ದೋಣಿ ಸಿಟಿ ಪ್ಯಾಲೇಸಿನ ರಾಮೇಶ್ವರ ಘಾಟಿನಿಂದ ಹೊರಡುತ್ತದೆ. ನಮ್ಮನ್ನು ಹತ್ತಿಸಿದ್ದು ಬೇರೆ ಕಡೆಯಿಂದ, ಎಲ್ಲೂ ಇಳಿಸದ ದೋಣಿಗೆ. ಇಪ್ಪತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಿ ವಾಪಸ್ ತಂದು ಬಿಟ್ಟರು.

ಆ ಇಪ್ಪತ್ತು ನಿಮಿಷದಲ್ಲಿ ಆದದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದೆ. ಕ್ಯಾಲೆಂಡರಿನ ಬಿಳಿ ಅರಮನೆ ಕಣ್ಣೆದುರಿಗೆ ಬಂತು. ಅಪ್ಪ ಅರಮನೆ ಬಿಟ್ಟು ದಡ ನೋಡುತ್ತಿದ್ದರು. "ಏರಿ ಯಾವ ಕಡೆ ಕೇಳಮ್ಮಾ" ಅಂದರು. ನನಗೆ ಬರುವ ಹಿಂದಿಯಲ್ಲಿ ಕೇಳಿದೆ. ಗೈಡ್ ನಕ್ಕು, ಇದು ದೇವರು ಕೊಟ್ಟ ಸರೋವರ, ಇದನ್ನು ಯಾರೂ ಕಟ್ಟಿಲ್ಲ ಎಂದರು. ನಾನು ಅದನ್ನು ಅಪ್ಪನಿಗೆ ಹೇಳಿದೆ. "ಕೆರೆ ತಾನಾಗೇ ಆಗೋದಿಲ್ಲ ಕಣಮ್ಮಾ. ಯಾರೋ ಮಣ್ಣು ಹೊತ್ತಿರಬೇಕು" ಅಂದರು ಅಪ್ಪ. ಅಷ್ಟೇ. ಆಮೇಲೆ ದೋಣಿ ಇಳಿಯುವ ತನಕ ಮಾತಾಡಲಿಲ್ಲ.

ಅಪ್ಪ ಹೇಳಿದ್ದೇ ಸರಿ. ನಾನು ಸಮಾಜ ವಿಜ್ಞಾನ ಪಾಠ ಮಾಡುವವಳು, ಹೊರಡುವ ಮುಂಚೆ ಓದಿಕೊಂಡು ಹೋಗಿದ್ದೆ. ಪಿಚೋಲ ಮನುಷ್ಯರು ಕಟ್ಟಿದ ಕೆರೆ. 1362ರಲ್ಲಿ ಒಬ್ಬ ಬಣಜಾರ, ಅಂದರೆ ಎತ್ತಿನ ಮೇಲೆ ಧಾನ್ಯ ಸಾಗಿಸುತ್ತಿದ್ದ ವ್ಯಾಪಾರಿ, ಅದನ್ನು ಕಟ್ಟಿಸಿದ ಎಂದು ಹೇಳುತ್ತಾರೆ. ಪಕ್ಕದ ಪಿಚೋಲಿ ಹಳ್ಳಿಯಿಂದ ಆ ಹೆಸರು. 1559ರಲ್ಲಿ ಉದಯ ಸಿಂಗ್ ಊರು ಕಟ್ಟಲು ಶುರು ಮಾಡಿದಾಗ ಕಟ್ಟೆ ಹಾಕಿಸಿ ಕೆರೆಯನ್ನು ದೊಡ್ಡದು ಮಾಡಿದ. ಬರ ಬಂದ ವರ್ಷಗಳಲ್ಲಿ ಅದೂ ಬತ್ತಿ ತಳ ಕಂಡಿದೆ, ನಮ್ಮ ಕೆರೆಗಳ ಹಾಗೆಯೇ. ಅಷ್ಟು ಹೇಳಿದ್ದರೆ ಸಾಕಿತ್ತು, ಅಪ್ಪನಿಗೆ ಇಡೀ ಊರೇ ಅರ್ಥ ಆಗುತ್ತಿತ್ತು. ನೀರಿನ ಮಧ್ಯದ ಬಿಳಿ ಅರಮನೆಯನ್ನು ಶಾಜಹಾನ್ ಕಟ್ಟಿಸಿದ್ದು ಅಂತಲೂ ಆ ಗೈಡ್ ಹೇಳಿದರು. ಅದನ್ನು ಕಟ್ಟಿಸಿದ್ದು ಎರಡನೇ ಜಗತ್ ಸಿಂಗ್, 1740ರ ದಶಕದಲ್ಲಿ. ಶಾಜಹಾನ್ ಇನ್ನೂ ರಾಜಕುಮಾರ ಖುರ್ರಮ್ ಆಗಿದ್ದಾಗ ತನ್ನ ಅಪ್ಪನ ಮೇಲೆ ದಂಗೆ ಎದ್ದು ಬಂದು ಆಸರೆ ಪಡೆದದ್ದು ಜಗ್ ಮಂದಿರದಲ್ಲಿ. ನಮ್ಮನ್ನು ಇಳಿಸದೇ ಹೋದ ದ್ವೀಪ ಅದೇ.

ಫತೇ ಸಾಗರವನ್ನು ಕಾರಿನ ಕಿಟಕಿಯಿಂದ ತೋರಿಸಿದರು. ನಿಲ್ಲಿಸಿ ಎಂದರೆ ಟೈಮ್ ಆಯಿತು ಎಂದರು. ಸಜ್ಜನಗಢಕ್ಕೆ ಹೋಗಲೇ ಇಲ್ಲ. ಮಳೆಗಾಲದ ಮೋಡ ನೋಡುವುದಕ್ಕೆಂದೇ ಗುಡ್ಡದ ಮೇಲೆ ಕಟ್ಟಿದ ಅರಮನೆ ಅಂತ ನಾನು ಅಪ್ಪನಿಗೆ ರೈಲಿನಲ್ಲಿ ಹೇಳಿದ್ದೆ, ಅವರು ಎರಡೆರಡು ಸಲ ಕೇಳಿಸಿಕೊಂಡಿದ್ದರು. ಸಂಜೆ ಐದೂ ಹತ್ತಕ್ಕೆ ನಮ್ಮನ್ನು ಹೋಟೆಲ್ ಮುಂದೆ ಇಳಿಸಿದರು. ಇಳಿದ ಮೇಲೆ ಟಿಪ್ಸ್ ಕೇಳಿದರು. ನಾನು ಕೊಡಲಿಲ್ಲ.

ಮಾರನೇ ದಿನ ರಾತ್ರಿ ನಮಗೆ ರೈಲು. ಅಪ್ಪನ ಮಂಡಿ ಊದಿಕೊಂಡಿತ್ತು. ಆದರೂ ಬೆಳಿಗ್ಗೆ ಹೋಟೆಲ್ ಎದುರು ಒಂದು ಆಟೋ ಹಿಡಿದೆ. ನಮಗೆ ಕೆರೆಯ ಕಟ್ಟೆ ನೋಡಬೇಕು, ನೀರು ಹೊರಗೆ ಹೋಗುವ ಜಾಗ ನೋಡಬೇಕು ಎಂದೆ. ಆ ಡ್ರೈವರ್ ಒಂದು ಕ್ಷಣ ಅಪ್ಪನ ಮುಖ ನೋಡಿ, ಸೀದಾ ಫತೇ ಸಾಗರದ ಏರಿಗೆ ಕರೆದುಕೊಂಡು ಹೋದರು. ಮೊದಲು ಇಲ್ಲಿದ್ದ ಕಟ್ಟೆ ಒಡೆದು ಹೋಗಿ, 1889ರಲ್ಲಿ ಫತೇ ಸಿಂಗ್ ಮತ್ತೆ ಕಟ್ಟಿಸಿದ್ದು. ಪಿಚೋಲ ತುಂಬಿದರೆ ಸ್ವರೂಪ್ ಸಾಗರ, ಅಲ್ಲಿಂದ ಕಾಲುವೆಯಲ್ಲಿ ಫತೇ ಸಾಗರ, ಹೀಗೆ ಒಂದರ ನೀರು ಇನ್ನೊಂದಕ್ಕೆ ಸೇರುತ್ತದೆ ಅಂತ ಡ್ರೈವರ್ ಕೈಸನ್ನೆಯಲ್ಲೇ ತೋರಿಸಿದರು. ಮಧ್ಯೆ ನಾನು ಏನೂ ಹೇಳಬೇಕಾಗಲಿಲ್ಲ. ಕೆರೆ ತುಂಬಿ ಗೇಟ್ ಎತ್ತುವ ದಿನ ಊರಿನವರೆಲ್ಲ ನೋಡಲು ಬರುತ್ತಾರಂತೆ. "ನಮ್ಮಲ್ಲಿ ಕೋಡಿ ಹೋದಾಗ ಹೋಗ್ತಾ ಇರಲಿಲ್ವಾ, ಹಾಗೇ" ಅಂದರು ಅಪ್ಪ. ಕಟ್ಟೆಯ ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಒಂದು ಗಂಟೆ ಕೂತರು. ಆಟೋಗೆ 400 ರೂಪಾಯಿ ಆಯಿತು.

ಅಪ್ಪನಿಗೆ ಬೇಕಾದದ್ದು ಅಷ್ಟೇ ಆಗಿತ್ತು ಎಂದು ನಿಮಗೆ ಗೊತ್ತಾಗಲಿ ಅಂತ ಇದನ್ನು ಬರೆದೆ. 14,500 ತೆಗೆದುಕೊಂಡ ನೀವು ಅದನ್ನು ಮಾಡಲಿಲ್ಲ.

ಫೋನಿನಲ್ಲಿ ನಿಮ್ಮವರು ಹೇಳಿದ ಉತ್ತರ, ತಪ್ಪು ಅಲ್ಲಿನ ಲೋಕಲ್ ಏಜೆಂಟರದ್ದು ಅಂತ. ನಾನು ಅವರನ್ನು ಕಂಡವಳೇ ಅಲ್ಲ. ರಸೀದಿ ಮೇಲೆ ಸೀಲು ನಿಮ್ಮದು, ಹಣ ಹೋಗಿದ್ದು ನಿಮ್ಮ ಖಾತೆಗೆ. ನೀವು ಯಾರಿಗೆ ಕೆಲಸ ಒಪ್ಪಿಸಿದಿರಿ ಅನ್ನುವುದು ನಿಮ್ಮ ನಿಮ್ಮಲ್ಲಿನ ವ್ಯವಹಾರ. ಮುಂದಿನ ಟೂರಿಗೆ ಸಾವಿರ ರೂಪಾಯಿ ಕಮ್ಮಿ ಮಾಡುತ್ತೇವೆ ಅಂತಲೂ ಹೇಳಿದರು. ಅದು ನನಗೆ ಬೇಡ. ಅಪ್ಪನನ್ನು ಇನ್ನೊಂದು ಸಲ ಅಷ್ಟು ದೂರ ಕರೆದುಕೊಂಡು ಹೋಗಲು ಆಗುತ್ತದೋ ಇಲ್ಲವೋ.

ನನಗೆ ಬೇಕಾದದ್ದು ಹೀಗಿದೆ. ಕಾರು ಪ್ರೈವೇಟ್ ಆಗಿರಲಿಲ್ಲ, ಗೈಡ್ ನೀವು ಹೇಳಿದವರಾಗಿರಲಿಲ್ಲ, ಎರಡು ಜಾಗ ತೋರಿಸಲೇ ಇಲ್ಲ, ದೋಣಿ ಬೇರೆ. ಹಾಗಾಗಿ 11,000 ರೂಪಾಯಿ ನನ್ನ ಖಾತೆಗೆ ವಾಪಸ್ ಬರಬೇಕು. ಸಿಟಿ ಪ್ಯಾಲೇಸಿನ ಟಿಕೆಟ್, ನಾವು ಹತ್ತಿದ ದೋಣಿ, ಓಡಾಡಿದ ಪೆಟ್ರೋಲಿನ ನಮ್ಮ ಪಾಲು ಬಿಟ್ಟು ಲೆಕ್ಕ ಹಾಕಿದ್ದೇನೆ, ಸುಮ್ನೆ ಜಾಸ್ತಿ ಕೇಳುತ್ತಿಲ್ಲ. ಮತ್ತೆ, ಇನ್ನು ಮುಂದೆ ಯಾರಿಗೇ ಟೂರ್ ಕೊಟ್ಟರೂ ಅಂಗಡಿಗೆ ನಿಲ್ಲಿಸುತ್ತೀರಾದರೆ ಅದನ್ನು ಪಟ್ಟಿಯಲ್ಲಿ ಮೊದಲೇ ಬರೆಯಿರಿ. ಕೋಲಾರದಿಂದ ವಯಸ್ಸಾದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗುವವರು ನಾನೊಬ್ಬಳೇ ಅಲ್ಲ.

ಈ ಪತ್ರ ತಲುಪಿದ ಹದಿನೈದು ದಿನದಲ್ಲಿ ಉತ್ತರ ಕೊಡಿ. ಬರದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಸೇವಾ ನ್ಯೂನತೆ ಎಂದು ಕೋಲಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಇಷ್ಟು ಮೊತ್ತದ ದೂರಿಗೆ ಶುಲ್ಕ ಇಲ್ಲ, ನಾನು ಇರುವ ಊರಿನಲ್ಲೇ ಕೊಡಬಹುದು ಎನ್ನುವುದು ನನಗೆ ಗೊತ್ತಿದೆ. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಂದಾಯಿಸುತ್ತೇನೆ. ರಸೀದಿ, ಯುಪಿಐ ಪಾವತಿಯ ಪ್ರತಿ, ವಾಟ್ಸಾಪ್ ಮೆಸೇಜುಗಳು, ಸಮಯ ಇರುವ ಒಂಬತ್ತು ಫೋಟೋ ಲಗತ್ತಿಸಿದ್ದೇನೆ.

ಒಂದು ಮಾತು ಉಳಿದಿದೆ. ಹಣದ ಉತ್ತರ ನನಗೆ ಬರೆಯಿರಿ. ಆದರೆ ಕ್ಷಮೆಯ ಪತ್ರ ನಮ್ಮಪ್ಪನ ಹೆಸರಿಗೆ ಬೇರೆಯಾಗಿ ಬರಬೇಕು. ಮಾತು ಕೊಟ್ಟಿದ್ದು ಅವರ ಮುಂದೆ. ಕನ್ನಡದಲ್ಲಿರಲಿ, ಅಕ್ಷರ ಸ್ವಲ್ಪ ದೊಡ್ಡದಾಗಿರಲಿ. ಅವರೇ ಓದಿಕೊಳ್ಳುತ್ತಾರೆ.

ಇಂತಿ,
ನಿಮ್ಮ ಗ್ರಾಹಕಿ
ಕೋಲಾರ