ಆ ರಾತ್ರಿ ಜೊತೆಗಿದ್ದ ಅಕ್ಕನಿಗೆ

ವೈದ್ಯರು ಹೆರಿಗೆಗೆಂದು ಕೊಟ್ಟಿದ್ದ ದಿನಾಂಕ ಕಳೆದ ವಾರ ಬಂದು ಹೋಯಿತು. ಆ ದಿನವನ್ನು ದಾಟಿದ ಮೇಲೆ ಬರೆಯಬೇಕೆಂದುಕೊಂಡಿದ್ದೆ. ನಡೆದದ್ದೇನೆಂಬುದು ನಿಮ್ಮಲ್ಲಿ ಬಹುತೇಕರಿಗೆ ಗೊತ್ತಿರುವುದರಿಂದ ವರದಿಗಳ ವಿವರಕ್ಕೆ ಮತ್ತೆ ಹೋಗುವುದಿಲ್ಲ. ಆದರೆ ನನ್ನದೇ ಒಂದು ಮಾತನ್ನು ತಿದ್ದಿಕೊಳ್ಳಬೇಕಿದೆ. "ಮಗು ಹೋಯಿತು" ಎಂದು ನಾನು ಹಲವರಿಗೆ ಹೇಳಿದ್ದೆ. ಅದು ತಾನಾಗಿ ಹೋಗಲಿಲ್ಲ. ಹುಟ್ಟಿದರೆ ಮಗು ನರಳಬೇಕಾಗುತ್ತದೆಂದು ಸ್ಕ್ಯಾನ್ ವರದಿಗಳಿಂದ ತಿಳಿದ ಮೇಲೆ, ಗರ್ಭವನ್ನು ಮುಂದುವರಿಸುವುದು ಬೇಡವೆಂದು ನಾನೂ ನನ್ನ ಪತಿಯೂ ನಿರ್ಧರಿಸಿದೆವು. ಬಯಸಿ ಬಯಸಿ ಪಡೆದ ಮಗು ಅದು.

ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೂ ಬೇಸರಿಸದೆ ವಿವರಿಸಿ, ಇದನ್ನೇ ಮಾಡಿ ಎಂದು ಒಮ್ಮೆಯೂ ಒತ್ತಾಯಿಸದ ವೈದ್ಯೆಗೆ, ಕಾರಣ ಕೇಳದೆ ನನ್ನ ಕೆಲಸವನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಮಗಳನ್ನು ಶಾಲೆಗೆ ಬಿಟ್ಟು ಕರೆತಂದ ಗೆಳತಿಯರಿಗೆ, ಆ ರಾತ್ರಿ ಮಗಳ ಪಕ್ಕದಲ್ಲಿ ಕಣ್ಣು ಮುಚ್ಚದೆ ಕಳೆದ ಪತಿಗೆ ನಾನು ಋಣಿ.

ಉಳಿದದ್ದೆಲ್ಲ ನನ್ನ ಓರಗಿತ್ತಿಗೆ ಸೇರಬೇಕಾದದ್ದು. ಮದುವೆಯಾಗಿ ಬಂದಾಗಿನಿಂದ ಅವರನ್ನು ಅಕ್ಕ ಎಂದು ಕರೆಯುತ್ತಿದ್ದರೂ ಮನೆಯ ಸಮಾರಂಭಗಳಾಚೆ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗೆ ಯಾರಿರಬೇಕೆಂದು ನಾವಿನ್ನೂ ಯೋಚಿಸುತ್ತಿರುವಾಗಲೇ ಅವರು ಬಟ್ಟೆಯ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು.

ಮಗುವಿನ ಅಂಗಾಂಗಗಳನ್ನು ವಿವರವಾಗಿ ನೋಡುವ ಸ್ಕ್ಯಾನ್ ನಡೆಯುವುದು ಸುಮಾರು 20ನೇ ವಾರದಲ್ಲಿ. ತಾಯಿಗೆ ಅದರ ಮಿಸುಕಾಟ ಗೊತ್ತಾಗತೊಡಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕುವಾಗಲೂ ಅದು ಮಿಸುಕಿತು. ಇದನ್ನು ಯಾರಿಗೂ ಹೇಳಲಾಗಿರಲಿಲ್ಲ. ನೋವು ಏರುತ್ತಿದ್ದ ನಡುರಾತ್ರಿಯಲ್ಲಿ ಅಕ್ಕನಿಗೆ ಹೇಳಿದೆ. ನಾನೇ ಕೊಂದೆ ಎಂದೂ ಹೇಳಿದೆ. ಅವರು ಹಾಗನ್ನಬೇಡ ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ, ಇನ್ನೊಂದಾಗುತ್ತದೆ ಎಂದೂ ಎನ್ನಲಿಲ್ಲ. ಬೆನ್ನು ನೀವುತ್ತಾ, "ಹೇಳು, ನಾನಿಲ್ಲೇ ಇದ್ದೇನೆ" ಎಂದರು. ಬೆಳಗಾಗುವುದರೊಳಗೆ ಆ ಮಾತನ್ನು ಎಷ್ಟು ಸಲ ಆಡಿದೆನೋ ತಿಳಿಯದು. ಆಡುತ್ತಾ ಆಡುತ್ತಾ ಅದು, ಮಗು ನರಳುವುದು ಬೇಡವೆಂದು ನಿರ್ಧರಿಸಿದೆ ಎಂಬಲ್ಲಿಗೆ ಬಂದು ನಿಂತಿತು. ಯಾರಾದರೂ ನಡುವೆ ನನ್ನನ್ನು ಸಮಾಧಾನಪಡಿಸಿದ್ದರೆ ಅಲ್ಲಿಯವರೆಗೆ ಬರುತ್ತಿರಲಿಲ್ಲವೆಂದೇ ನನ್ನ ನಂಬಿಕೆ.

ಮಗುವನ್ನು ನೋಡುವ ಧೈರ್ಯ ನನಗಿರಲಿಲ್ಲ. ಅಕ್ಕ ಮೊದಲು ತಾವು ನೋಡಿ ಬಂದು, ಬೆರಳುಗಳಲ್ಲಿ ಸಾಸಿವೆಗಿಂತ ಚಿಕ್ಕ ಉಗುರುಗಳಿವೆ, ಕಿವಿ ನಿನ್ನ ಮಗಳದ್ದೇ ಅಚ್ಚು ಎಂದು ಮೆಲ್ಲಗೆ ಹೇಳಿದರು. ಆಮೇಲೆ ನಾನೇ ಕೇಳಿ ಕೈಗೆ ತೆಗೆದುಕೊಂಡೆ.

ಮೂರನೆಯ ದಿನ ಎದೆಯಲ್ಲಿ ಹಾಲಿಳಿಯಿತು. ಹೀಗೆ ಕೊನೆಗೊಂಡ ಗರ್ಭಕ್ಕೂ ಹಾಲು ಬರಬಹುದೆಂದು ಯಾರೂ ಎಚ್ಚರಿಸಿರಲಿಲ್ಲ, ಎಚ್ಚರಿಸಬೇಕಿತ್ತು. ಒದ್ದೆಯಾದ ಬಟ್ಟೆಯಲ್ಲಿ ಬಚ್ಚಲುಮನೆಯಲ್ಲಿ ನಿಂತಿದ್ದ ನನಗೆ ಟವೆಲ್ ಕೊಡುತ್ತಾ ಅಕ್ಕ, "ಪಾಪ, ಹಾಲಿಗೇನು ಗೊತ್ತು" ಎಂದರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ದಾದಿಯೊಬ್ಬರು ಮಗುವಿನ ಪುಟ್ಟ ಪಾದಗಳ ಗುರುತನ್ನು ಶಾಯಿಯಲ್ಲಿ ಒತ್ತಿ ಕೊಟ್ಟಿದ್ದ ಕಾರ್ಡನ್ನು ಅಂದು ಮನೆಗೆ ಒಯ್ಯಲು ನನ್ನಿಂದಾಗಲಿಲ್ಲ. ನೀನು ಕೇಳುವವರೆಗೂ ನನ್ನ ಬೀರುವಿನಲ್ಲಿರಲಿ ಎಂದಿದ್ದ ಅಕ್ಕ ಇಷ್ಟು ತಿಂಗಳಲ್ಲಿ ಒಮ್ಮೆಯೂ ಅದರ ಮಾತೆತ್ತಲಿಲ್ಲ. ನಿನ್ನೆ ನಾನೇ ಫೋನ್ ಮಾಡಿ ಕೇಳಿದೆ. ಭಾನುವಾರ ತರಲು ಹೋಗುತ್ತಿದ್ದೇನೆ.